ಕಾಸರಗೋಡಿನ ಸೆಕೆಗೆ ತುರುಬು ನಿಲ್ಲಿಸಿದ್ದು ಹೀಗೆ

ಮೇ ತಿಂಗಳ ಮದುವೆಯಲ್ಲಿ ಬೆಳಿಗ್ಗೆ ಆರಕ್ಕೆ ಕಟ್ಟಿದ ತುರುಬು ಸಂಜೆಯವರೆಗೆ ಜಾರಬಾರದು. ನಮ್ಮ ಸೆಕೆಗೆ, ಅದೂ ತೆಂಗಿನೆಣ್ಣೆ ಕುಡಿದ ಕೂದಲಿಗೆ ಆಗುವ ಮಾತಲ್ಲ ಎಂದು ಕುಂಬಳೆ, ಉಪ್ಪಳದ ಕಡೆ ನನ್ನ ಹಾಗೆ ಮದುಮಗಳ ತಲೆ ಕಟ್ಟುವವರೇ ಹೇಳುತ್ತಿದ್ದರು. ಎರಡು ಸೀಸನ್‌ನಿಂದ ನಿಲ್ಲುತ್ತಿದೆ, ಎರಡು ಚೆಂಡು ಮಲ್ಲಿಗೆ ಹೊತ್ತು.

ಜೆಲ್, ವ್ಯಾಕ್ಸ್ ಅಂತ ಐದು ಸಾವಿರದಷ್ಟು ನೀರಿಗೆ ಹೋಗಿದೆ. ಡಬ್ಬದ ಪಟ್ಟಿಯ ಮೊದಲ ನಾಲ್ಕೈದು ಹೆಸರಲ್ಲಿ ಗ್ಲಿಸರಿನ್ ಕಂಡರೆ ಬಿಟ್ಟುಬಿಡಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹತ್ತು ಗಂಟೆಗೆಲ್ಲ ಹಣೆಯ ಮೇಲೆ ಅಂಟಂಟು. ಕೂದಲು ಹಿಡಿದಿಡಲು ಪಿವಿಪಿ ಎಂಬ ಪಾಲಿಮರ್ ಒಂದನ್ನೇ ನಂಬಿದ ಸ್ಪ್ರೇಯ ಪಾಡೂ ಅದೇ. ವ್ಯಾಕ್ಸ್ ಸೆಕೆಗೆ ಮೆತ್ತಗಾಗಿ ಪಿನ್ ಜಾರಿಸುತ್ತದೆ. ಈಗ ತೇವಕ್ಕೆ ಬೇಗ ಸೋಲದ ಅಕ್ರಿಲೇಟ್ಸ್ ಕೋಪಾಲಿಮರ್ ಇರುವ ಸ್ಪ್ರೇ ಮಾತ್ರ. ತಲೆಗೆ ನೂರು ರೂಪಾಯಿ ಚಿಲ್ಲರೆಯದು ಹಿಡಿಯುತ್ತದೆ.

ಹಿಂದಿನ ಸಂಜೆ ಎರಡು ಸಲ ಶಾಂಪೂ, ಕಂಡೀಷನರ್ ತುದಿಗಷ್ಟೇ. ಬೆಳಿಗ್ಗೆ ತುಸು ಒದ್ದೆ ಮಾಡಿ, ಕೋಳಿಮೊಟ್ಟೆಯಷ್ಟು ಮೂಸ್ ಎಂಬ ನೊರೆ ಹಚ್ಚಿ, ಬುಡದವರೆಗೆ ಪೂರ್ತಿ ಒಣಗಿಸುತ್ತೇನೆ. ಒಂದೊಂದು ಇಂಚಿನ ಎಳೆ ತೆಗೆದು 170 ಡಿಗ್ರಿ ಆಸುಪಾಸಿನ ಕರ್ಲಿಂಗ್ ರಾಡಿಗೆ ಸುತ್ತಿ, ಬಿಸಿಯಿರುವಾಗಲೇ ಕ್ಲಿಪ್. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಆಕಾರ ಕೂರುವುದು ತಣಿಯುವಾಗ. ಬೆರಳಿಟ್ಟರೆ ತಣ್ಣಗೆ ತಾಗಬೇಕು, ಹತ್ತು ನಿಮಿಷವಾದರೂ ಬೇಕು.

ನೆತ್ತಿಯಲ್ಲಿ ಬುಡದ ಕಡೆಗೆ ಬಾಚಿ ಉಬ್ಬಿಸಿ, ಅಂದರೆ ಬ್ಯಾಕ್‌ಕೋಂಬ್ ಮಾಡಿ, ಗೇಣಿಗಿಂತ ತುಸು ದೂರದಿಂದ ತೆಳ್ಳಗೆ ಸ್ಪ್ರೇ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಹೀಗೆ ಮೂರು ಕೋಟು. ಒಂದೇ ಸಲ ಸುರಿದರೆ ಕೂದಲು ನೆನೆದು ಸುರುಳಿ ಕುಸಿಯುತ್ತದೆ, ಒಣಗಿದ ಮೇಲೆ ಬಿಳಿ ಹುಡಿ ಏಳುತ್ತದೆ. ಪಿನ್ನಿನ ಅಲೆಅಲೆಯಾದ ಕಾಲು ತಲೆಯ ಕಡೆಗಿರಲಿ, ಎರಡೆರಡು ಒಂದರ ಮೇಲೊಂದು ಕತ್ತರಿಯಂತೆ. ಮೊದಲ ಜೋಡಿ ಎಲ್ಲಿ ಸಿಕ್ಕಿಸುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ತುಂಬ ದಿನ ಕಾಡಿದ್ದು ಮಲ್ಲಿಗೆಯ ನೀರು. ಬಾಳೆನಾರು ಒದ್ದೆಯಿದ್ದಂತೆಯೇ ಮುಡಿಸಿದರೆ ಮಾಡಿದ್ದೆಲ್ಲ ಹಾಳು. ಕೊಡವಿ, ಬೈರಾಸಿನ ಮೇಲೆ ಕಾಲು ಗಂಟೆ ಹರಡಿ, ಆಮೇಲೆ ಯು ಪಿನ್.

ಅಗಸೆ ಬೀಜದ ಜೆಲ್ಲನ್ನೂ ನೋಡಿದ್ದೇನೆ. ಎರಡು ಚಮಚ ಬೀಜ, ಎರಡು ಲೋಟ ನೀರು, ಏಳೆಂಟು ನಿಮಿಷ ಕುದಿಸಿ ಬಿಸಿಯಲ್ಲೇ ಸೋಸಬೇಕು, ತಣಿದರೆ ಬಟ್ಟೆಯಿಂದ ಇಳಿಯದು. ಎಸಿ ಹಾಲ್‌ನಲ್ಲಿ ಚೆನ್ನಾಗಿತ್ತು. ಚಪ್ಪರದಡಿ ಎರಡೇ ಗಂಟೆಯಲ್ಲಿ ಸಡಿಲ.

ದೀಪ ಹಚ್ಚಿದ ಕೋಣೆಯಲ್ಲಿ ಸ್ಪ್ರೇ ಬೇಡವೇ ಬೇಡ, ಬೆಂಕಿ ಹಿಡಿಯುತ್ತದೆ. ಮದುಮಗಳು ಹೋಮಕ್ಕೆ ಕೂರುವ ಅರ್ಧ ಗಂಟೆ ಮೊದಲೇ ಕೊನೆಯ ಕೋಟು ಮುಗಿಸಿ.