ಏಕಾದಶಿಗೆ ದರ್ಶಿನಿ ಬಾಗಿಲು ಹಾಕಿದೆ: ನನ್ನ ಅನುಭವ

"ತಿಂಗಳಿಗೆ ಎರಡು ದಿನ ಬಾಗಿಲು ಹಾಕಿದರೆ ಬಾಡಿಗೆ ಯಾರು ಕಟ್ತಾರೆ?" ಅಂತ ನಮ್ಮ ಅಡುಗೆ ಭಟ್ಟರಿಂದ ಹಿಡಿದು ಹಾಲಿನವರ ತನಕ ಎಲ್ಲರೂ ಕೇಳಿದ್ದರು. ಎರಡು ವರ್ಷದ ಮೇಲಾಯಿತು. ಬಾಡಿಗೆ ಒಂದು ತಿಂಗಳೂ ನಿಂತಿಲ್ಲ.

ನಮ್ಮದು ಜಯನಗರದ ರಾಯರ ಮಠಕ್ಕೆ ಹತ್ತಿರದ ಸಣ್ಣ ದರ್ಶಿನಿ. ಈ ಕಸುಬಿನವರಿಗೆ ದಿನಚರಿ ಹೇಳಬೇಕಾಗಿಲ್ಲ. ಜಪ, ಧ್ಯಾನಕ್ಕೆ ಸ್ವಲ್ಪ ಬಿಡುವು ಬೇಕಿತ್ತು. ಮೂರಕ್ಕೆ ಎದ್ದು ಜಪಕ್ಕೆ ಕೂತು ನೋಡಿದೆ, ಮಣೆ ಮೇಲೇ ತೂಕಡಿಕೆ. ತುಮಕೂರು ರಸ್ತೆಯ ಆಲೂರಿನಲ್ಲಿ 10 ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೂ ಹೋದೆ. ಶುಲ್ಕವಿಲ್ಲ, ಆದರೆ ಫೋನ್ ಒಪ್ಪಿಸಬೇಕು. ಮನಸ್ಸು ಹಗುರವಾಗಿದ್ದು ನಿಜ. ವಾಪಸ್ ಬಂದು ನೋಡಿದರೆ ಗಲ್ಲಾ ಇನ್ನೂ ಹಗುರ! ಸುಮಾರು 40 ಸಾವಿರ ಲುಕ್ಸಾನು. ಆಮೇಲೆ ಮಂಗಳವಾರ ಮಧ್ಯಾಹ್ನದ ಮೇಲೆ ರಜೆ ಮಾಡಿದೆ. ಪಾತ್ರೆ ತೊಳೆಸಿ ಸಾಮಾನು ತರುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಏಕಾದಶಿ ಹೊಳೆದದ್ದು ಹಳೇ ಲೆಕ್ಕದ ಪುಸ್ತಕ ತಿರುವುವಾಗ. ನಮ್ಮ ಏರಿಯಾದಲ್ಲಿ ಅವತ್ತು ಅನ್ನ, ಇಡ್ಲಿ ಮುಟ್ಟದವರು ಜಾಸ್ತಿ. ದಿನಾ 15-16 ಸಾವಿರ ಆಗುವ ಕಡೆ 10ರ ಆಸುಪಾಸು. ಗ್ಯಾಸು, ಹಾಲು, ಕೂಲಿ ಕಳೆದರೆ ಉಳಿಯುತ್ತಿದ್ದುದು ಸಾವಿರವೋ ಎರಡೋ. ಅಷ್ಟಕ್ಕೆ ಇಡೀ ದಿನ ನಿಂತು ಸಾಯಬೇಕಾ?

ಬಾಗಿಲು ಹಾಕುವುದು ಸುಲಭ. ತಲೆನೋವು ಹಿಟ್ಟಿನದ್ದು. ದ್ವಾದಶಿ ಬೆಳಿಗ್ಗೆಯ ಇಡ್ಲಿಗೆ ಏಕಾದಶಿ ಮಧ್ಯಾಹ್ನ ರುಬ್ಬಲೇಬೇಕು ಅಲ್ವಾ? ಗ್ರೈಂಡರ್ ಮುಂದೆ ನಿಂತರೆ ಅದೆಂಥ ರಜೆ? ದಶಮಿ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿ ಇಟ್ಟೆ. ಮೊದಲು ಇಡ್ಲಿ ಕಲ್ಲಾಯಿತು, ಮುಂದಿನ ಸಲ ಬರೀ ಹುಳಿ. ಪಾತ್ರೆಗಟ್ಟಲೆ ಹಿಟ್ಟು ಚರಂಡಿಗೆ ಹೋಯಿತು. ಈಗ ಹದ ಸಿಕ್ಕಿದೆ. ಉಪ್ಪು ಯಾವಾಗ ಹಾಕಬೇಕು, ಎಷ್ಟು ಹೊತ್ತಿಗೆ ಹೊರಗೆ ತೆಗೆಯಬೇಕು ಅನ್ನುವುದನ್ನು ಮಾತ್ರ ಕೇಳಬೇಡಿ. ಕಟ್ಟುನಿಟ್ಟಿನವರು ದ್ವಾದಶಿ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ, ಮನೆಯಲ್ಲೇ ಮಾಡುತ್ತಾರೆ ಬಿಡಿ. ಉಳಿದವರು ಹಸಿದು ಆರಕ್ಕೇ ಬಂದು ನಿಲ್ಲುತ್ತಾರೆ. ಅವತ್ತು 18-19 ಸಾವಿರಕ್ಕೆ ಮೋಸವಿಲ್ಲ.

ನಡುವೆ ಆಸೆ ಬಿದ್ದು ಏಕಾದಶಿಗೆ ಬರೀ ಸಾಬಕ್ಕಿ ಖಿಚಡಿ, ಹಣ್ಣು ಅಂತ ಕೌಂಟರ್ ತೆಗೆದೆ. ಚೆನ್ನಾಗಿ ಓಡಿತು. ಚೆನ್ನಾಗಿ ಓಡಿತು ಅಂತಲೇ ನಿಲ್ಲಿಸಿದೆ.

ನೀವೂ ಹೀಗೆ ಮುಚ್ಚುವುದಾದರೆ ಒಂದು ಮಾತು: ಕೆಲವು ಸಲ ಏಕಾದಶಿ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ ಬರುತ್ತದೆ. ಒಂದೇ ಪಂಚಾಂಗ ಹಿಡಿದು ವರ್ಷದ ತಾರೀಖುಗಳನ್ನೆಲ್ಲ ಗೋಡೆಗೆ ಅಂಟಿಸಿ. ಒಟ್ಟು 24, ಅಧಿಕ ಮಾಸ ಬಂದರೆ 26. ಹುಡುಗರಿಗೆ ಅವತ್ತಿನ ಸಂಬಳ ಹಿಡಿಯಬೇಡಿ. ಭಾನುವಾರ ಬಿದ್ದರೆ ಹೊಟ್ಟೆ ಉರಿಯುತ್ತದೆ, ಆದರೂ ಮುಚ್ಚುತ್ತೇನೆ. ವೈಕುಂಠ ಏಕಾದಶಿಗೆ ಮುಚ್ಚುವ ವಿಷಯಕ್ಕೆ ಮಾತ್ರ ಭಟ್ಟರ ಜೊತೆ ಪ್ರತಿ ವರ್ಷ ಜಗಳ.

ನಾನು ಏಳಕ್ಕೆ ಏಳುತ್ತೇನೆ. ನಿರ್ಜಲ ನನ್ನ ಕೈಲಾಗದು, ಹಾಲು ಹಣ್ಣು ಸಾಕು. ಮಠಕ್ಕೆ ನಡೆದು ಹೋಗಿ ಪ್ರದಕ್ಷಿಣೆ ಹಾಕಿ ಕಂಬಕ್ಕೆ ಒರಗಿ ಸುಮ್ನೆ ಕೂರುತ್ತೇನೆ. ಜಪ ಆದಷ್ಟು ಆಯಿತು. ಫೋನ್ ಮಗನ ಹತ್ತಿರ. ಮೊನ್ನೆ ಎಣ್ಣೆಯವರ ಜೊತೆ ಮಾತಾಡಿ ಡಬ್ಬಕ್ಕೆ 20 ರೂಪಾಯಿ ಇಳಿಸಿದ್ದಾನೆ. ನಾನು ಇಷ್ಟು ವರ್ಷ ಕೇಳಿದರೂ ಇಳಿಸಿರಲಿಲ್ಲ ಆಸಾಮಿ.