ಹಾಲಿನ ಪುಡಿಯ ಡಬ್ಬಿ, ಕೈತಿದಿ ಮತ್ತು ನಮ್ಮ ಸುರಂಗ

ಸುರಂಗದ ಕೊನೆಯಲ್ಲಿ ಕೂತು ಮಣ್ಣು ತೆಗೆಯುವವನಿಗೆ ಗಾಳಿ ಬೇಕು ಅಂದ್ರೆ ಸುರಂಗದ ಬಾಯಿಯ ಹತ್ತಿರ ಫ್ಯಾನ್ ಇಟ್ಟರೆ ಸಾಲದು. ಗಾಳಿಯನ್ನು ಕೊಳವೆಯಲ್ಲಿ ತೆಗೆದುಕೊಂಡು ಹೋಗಿ ಅವನ ಮುಖದ ಹತ್ತಿರವೇ ಬಿಡಬೇಕು. ಇದು ನನ್ನ ತಲೆಗೆ ಹೊಕ್ಕಿದ್ದು ಒಂದು ಯುದ್ಧದ ಸಿನಿಮಾದಿಂದ. ಆಮೇಲೆ ಕೊಟ್ಟಗೆಯ ಪಕ್ಕದ ಶೆಡ್ಡಿನಲ್ಲಿ ಅಂಥದ್ದೇ ಒಂದು ಸಾಧನ ಮಾಡಿ ನಮ್ಮ ತೋಟದ ಸುರಂಗಕ್ಕೆ ಹಾಕಿದೆ. ಚೆನ್ನಾಗಿ ಕೆಲಸ ಮಾಡುತ್ತಿದೆ. ಹೇಗೆ ಮಾಡಿದೆ ಅಂತ ತುಂಬ ಜನ ಕೇಳುತ್ತಾರೆ, ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಗುಡ್ಡದ ಕಡೆಯ ಊರು. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆಯವರಿಗೆ ಸುರಂಗ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಅದು ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ಕೊರೆದ ಬಾವಿ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಇಬ್ಬರು ಎದುರಾದರೆ ಮೈ ಓರೆ ಮಾಡಬೇಕಾದಷ್ಟು ಅಗಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಒಳಗೆ ಇಂಗಿದ ಮಳೆನೀರು ಒಸರಿ ಬಂದು, ಪಂಪು ಗಿಂಪು ಏನೂ ಇಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಆ ನೀರನ್ನು ಮದಗಕ್ಕೆ, ಅಂದ್ರೆ ಸಣ್ಣ ಕೆರೆಗೆ, ಬಿಡುತ್ತಿದ್ದರು. ಈಗ ಎಲ್ಲ ಕಡೆ ಪೈಪು ಬಂದಿದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದರೂ ಏಪ್ರಿಲ್ ಮೇ ತಿಂಗಳಲ್ಲಿ ತೋಟ ಒಣಗುವ ಜಾಗ ಇದು. ಸುರಂಗ ಇಲ್ಲದಿದ್ದರೆ ಈ ಗುಡ್ಡಗಳಲ್ಲಿ ಎಷ್ಟೋ ಅಡಿಕೆ ತೋಟಗಳೇ ಇರುತ್ತಿರಲಿಲ್ಲ.

ನಮ್ಮ ಸುರಂಗ ಅಜ್ಜನ ಕಾಲದ್ದು, ಸುಮಾರು 30 ಮೀಟರ್ ಉದ್ದ. ಮುಕ್ಕಾಲು ಭಾಗ ಗಟ್ಟಿ ಮುರಕಲ್ಲು. ಕೊನೆಯಲ್ಲಿ ಶೇಡಿ ಅನ್ನುವ ಮೆತ್ತನೆಯ ಮಣ್ಣು. ಆ ಶೇಡಿ ಆಗಾಗ ಕಳಚಿ ಬಿದ್ದು ಒರತೆಯ ಬಾಯಿ ಮುಚ್ಚುತ್ತದೆ, ನೀರು ಕಮ್ಮಿ ಆಗುತ್ತದೆ. ಅದನ್ನು ತೆಗೆಯಲು ಪಳಗಿದ ಕೆಲಸದವರೇ ಬೇಕು. ನಮ್ಮಲ್ಲಿಗೆ ಬರುವವರು ಚಿಕ್ಕಂದಿನಿಂದ ಸುರಂಗ ಕೊರೆದವರು. ಅವರೂ ಕೊನೆಯ ಭಾಗದಲ್ಲಿ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿದ ಹಾಗಾಗುತ್ತದೆ ಅಂತ ಹೊರಗೆ ಬರುತ್ತಿದ್ದರು. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ತೋಡುವ ಕ್ರಮ ಇದೆ. ನಮ್ಮಲ್ಲಿ ಗುಡ್ಡ ಕಡಿದಾಗಿರುವುದರಿಂದ ಆ ಗಂಡಿಯೇ ಇನ್ನೊಂದು ಬಾವಿಯಷ್ಟು ಆಳ ಆಗುತ್ತದೆ.

ಇಲ್ಲಿ ಸಿನಿಮಾದ ಮಾತು ಬರುತ್ತದೆ. ಕ್ಯಾಸೆಟ್ ಬಾಡಿಗೆಗೆ ತಂದು ನೋಡುತ್ತಿದ್ದ ಕಾಲದಿಂದ ನನಗೆ ಯುದ್ಧದ ಚಿತ್ರಗಳ ಹುಚ್ಚು. 1963ರ ‘ದಿ ಗ್ರೇಟ್ ಎಸ್ಕೇಪ್’ ನೋಡಿದವರಿಗೆ ಸಾಮಾನ್ಯವಾಗಿ ನೆನಪಿರುವುದು ಸ್ಟೀವ್ ಮೆಕ್ವೀನ್ ಮೋಟಾರ್ ಸೈಕಲ್ಲಿನಲ್ಲಿ ಬೇಲಿ ಹಾರುವ ದೃಶ್ಯ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಶಿಬಿರದಿಂದ ಕೈದಿಗಳು ಸುರಂಗ ತೋಡಿ ತಪ್ಪಿಸಿಕೊಂಡ ಕಥೆ ಅದು. ನನಗೆ ನೆಲದಡಿಯ ದೃಶ್ಯಗಳೇ ಇಷ್ಟ. ಒಬ್ಬ ಕೂತು ಗಾಳಿ ಊದುವ ತಿದಿಯನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತಿರುತ್ತಾನೆ, ಇನ್ನೊಬ್ಬ ಮುಂದೆ ಮಲಗಿಕೊಂಡು ಮಣ್ಣು ಕೆರೆಯುತ್ತಿರುತ್ತಾನೆ. ಮೋಟಾರ್ ಸೈಕಲ್ ಕಥೆ ಸಿನಿಮಾಕ್ಕಾಗಿ ಸೇರಿಸಿದ್ದು. ತಿದಿ ಮಾತ್ರ ನಿಜ.

ಆ ಸೆರೆಶಿಬಿರ ಇದ್ದದ್ದು ಸಗಾನ್ ಎಂಬ ಊರಿನಲ್ಲಿ, ಈಗ ಅದು ಪೋಲೆಂಡಿಗೆ ಸೇರಿದೆ. ಕೈದಿಗಳು 1943ರಲ್ಲಿ ಟಾಮ್, ಡಿಕ್, ಹ್ಯಾರಿ ಅಂತ ಹೆಸರಿಟ್ಟು ಮೂರು ಸುರಂಗ ಶುರು ಮಾಡಿದರು. ಹ್ಯಾರಿ ನೆಲದಿಂದ ಸುಮಾರು 9 ಮೀಟರ್ ಕೆಳಗೆ, 100 ಮೀಟರಿನಷ್ಟು ಉದ್ದ, ಬರೀ 60 ಸೆಂಟಿಮೀಟರ್ ಅಗಲ ಎತ್ತರ. ರೆಡ್‌ಕ್ರಾಸ್ ಪೊಟ್ಟಣಗಳಲ್ಲಿ ‘ಕ್ಲಿಮ್’ ಎಂಬ ಹಾಲಿನ ಪುಡಿಯ ಡಬ್ಬಿ ಬರುತ್ತಿತ್ತು. ಆ ಡಬ್ಬಿಗಳ ಎರಡೂ ಕಡೆ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಸುರಂಗದ ಉದ್ದಕ್ಕೂ ಗಾಳಿಯ ಕೊಳವೆ ಮಾಡಿದರು. ಸಾವಿರಕ್ಕಿಂತ ಜಾಸ್ತಿ ಡಬ್ಬಿ ಬೇಕಾಯಿತು. ತಿದಿಗೆ ಬಟ್ಟೆಚೀಲ, ಮಂಚದ ತುಂಡು, ಹಾಕಿ ಕೋಲು. ದೀಪಕ್ಕೆ ಸಾರಿನ ಮೇಲೆ ತೇಲಿದ ಕೊಬ್ಬು. ಕೈಗೆ ಸಿಕ್ಕಿದ್ದರಲ್ಲಿ ಇಷ್ಟು ಕಟ್ಟಿದವರ ಮುಂದೆ, ಮನೆಯಲ್ಲಿ ಡ್ರಿಲ್ ಮಷೀನ್, ಗರಗಸ, ವೈಸ್ ಎಲ್ಲ ಇಟ್ಟುಕೊಂಡಿರುವ ನಮಗೆ ‘ಸಾಮಾನು ಇಲ್ಲ’ ಅನ್ನಲು ಯಾವ ಹಕ್ಕೂ ಇಲ್ಲ ಅನಿಸುತ್ತದೆ. 1944ರ ಮಾರ್ಚ್ 24ರ ರಾತ್ರಿ 76 ಮಂದಿ ಹೊರಗೆ ಬಂದರು. 73 ಮಂದಿ ಮತ್ತೆ ಸಿಕ್ಕಿಬಿದ್ದರು. ಅವರಲ್ಲಿ 50 ಮಂದಿಯನ್ನು ಹಿಟ್ಲರನ ಆಜ್ಞೆಯ ಪ್ರಕಾರ ಗುಂಡಿಟ್ಟು ಕೊಂದರು. ತಿದಿಯ ದೃಶ್ಯ ನೋಡುವಾಗೆಲ್ಲ ನನಗೆ ಇದೂ ನೆನಪಾಗುತ್ತದೆ.

ಇನ್ನು ಮಾಡಿದ ರೀತಿ.

ಮೊದಲು ಲೆಕ್ಕ. ನಮ್ಮ ಸುರಂಗ 70 ಸೆಂಟಿಮೀಟರ್ ಅಗಲ, 1.8 ಮೀಟರ್ ಎತ್ತರ, 30 ಮೀಟರ್ ಉದ್ದ ಅಂತ ಇಟ್ಟುಕೊಂಡರೆ ಒಳಗೆ ಸುಮಾರು 38,000 ಲೀಟರ್ ಗಾಳಿ ಇದೆ. ಕೈತಿದಿಯಿಂದ ನಿಮಿಷಕ್ಕೆ 300 ಲೀಟರ್ ಹೋಗುತ್ತದೆ ಅಂದುಕೊಳ್ಳಿ. ಸುರಂಗದ ಅಷ್ಟೂ ಗಾಳಿ ಬದಲಾಗಲು ಎರಡು ಗಂಟೆಗಿಂತ ಜಾಸ್ತಿ ಬೇಕು. ಆದರೆ 10 ಸೆಂಟಿಮೀಟರ್ ವ್ಯಾಸದ, 30 ಮೀಟರ್ ಕೊಳವೆಯ ಒಳಗೆ ಇರುವ ಗಾಳಿ ಬರೀ 235 ಲೀಟರ್. ಅಂದರೆ ತಿದಿ ಶುರು ಮಾಡಿ ಒಂದು ನಿಮಿಷದ ಒಳಗೆ ಹೊರಗಿನ ಗಾಳಿ ಕೆಲಸದವನ ಹತ್ತಿರ ತಲುಪುತ್ತದೆ. ಹಳೆಯ ಗಾಳಿ ತಾನಾಗಿ ಬಾಯಿಯ ಕಡೆಗೆ ಜರುಗುತ್ತದೆ. ಕಷ್ಟದ ಕೆಲಸ ಮಾಡುವವನಿಗೆ ಉಸಿರಾಡಲು ನಿಮಿಷಕ್ಕೆ 40ರಿಂದ 60 ಲೀಟರ್ ಗಾಳಿ ಬೇಕು. 300 ಲೀಟರ್ ಮುಖದ ಹತ್ತಿರ ಬಂದರೆ ಧಾರಾಳ ಆಯಿತು. ಕೊಳವೆ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ತಿದಿಗೆ ಹಳೆಯ ಹಲಸಿನ ಹಲಗೆ ತೆಗೆದುಕೊಂಡೆ. 30 ಸೆಂಟಿಮೀಟರ್ ಚೌಕದ ಮೂರು ಹಲಗೆ. ಎರಡು ಕೊನೆಯವು ಅಲುಗುವುದಿಲ್ಲ, ನಡುವಿನದು ಹಾರ್ಮೋನಿಯಂ ತಿದಿಯ ಹಾಗೆ ಆಚೆ ಈಚೆ ಹೋಗುತ್ತದೆ. ನಡುವಿನ ಹಲಗೆಯ ಎರಡೂ ಬದಿಗೆ ಒಂದೊಂದು ಚೀಲ. ತಳ್ಳಿದಾಗ ಒಂದು ಚೀಲ ಗಾಳಿ ಊದುತ್ತದೆ, ಇನ್ನೊಂದು ಗಾಳಿ ತುಂಬಿಕೊಳ್ಳುತ್ತದೆ. ಎಳೆದಾಗ ತಿರುಗಾಮುರುಗಾ. ಹೀಗೆ ಮಾಡಿದರೆ ಕೊಳವೆಯ ತುದಿಯಲ್ಲಿ ಗಾಳಿ ನಿಂತು ನಿಂತು ಬರುವುದಿಲ್ಲ. ಚೀಲಕ್ಕೆ ದಪ್ಪ ರೆಕ್ಸಿನ್ ಹಾಕಿದ್ದೇನೆ. ಒಳಗಡೆ ಗಟ್ಟಿ ತಂತಿಯ ಚೌಕಟ್ಟು ಇಡಲೇಬೇಕು. ಇಲ್ಲದಿದ್ದರೆ ಗಾಳಿ ಎಳೆಯುವಾಗ ರೆಕ್ಸಿನ್ ಒಳಕ್ಕೆ ಮುದುಡಿ ಅರ್ಧ ಗಾಳಿಯೂ ತುಂಬುವುದಿಲ್ಲ. ನಡುವಿನ ಹಲಗೆ ಜಾರಲು ಎರಡು ಜಿ.ಐ. ಪೈಪು, ಅದಕ್ಕೆ ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ.

ಇಡೀ ಸಾಧನದಲ್ಲಿ ಸೂಕ್ಷ್ಮದ ಕೆಲಸ ಅಂದ್ರೆ ವಾಲ್ವು. ಒಂದೊಂದು ಚೀಲಕ್ಕೆ ಒಳಬರುವುದಕ್ಕೆ ಒಂದು, ಹೊರಹೋಗುವುದಕ್ಕೆ ಒಂದು, ಒಟ್ಟು ನಾಲ್ಕು. ಹಲಗೆಯಲ್ಲಿ 4 ಸೆಂಟಿಮೀಟರಿನ ನಾಲ್ಕು ತೂತು ಕೊರೆದು, ಒಂದೊಂದು ತೂತಿನ ಮೇಲೆ ಸೈಕಲ್ ಟ್ಯೂಬಿನ ಒಂದು ತುಂಡು ಮುಚ್ಚಿ, ಮೇಲಿನ ಅಂಚನ್ನು ಮಾತ್ರ ಅಡಿಕೆ ಸಲಾಕೆಯ (ಅಡಿಕೆ ಮರದ ಸೀಳಿನ) ಪಟ್ಟಿಯಿಂದ ಬಿಗಿದರೆ ಒಂದು ವಾಲ್ವು ಆಯಿತು. ಲಾರಿ ಟ್ಯೂಬು ಬೇಡ, ಅದು ದಪ್ಪ, ಮೆಲ್ಲಗೆ ತಳ್ಳಿದರೆ ತೆರೆಯುವುದೇ ಇಲ್ಲ. ಸೈಕಲ್ ಟ್ಯೂಬಿನಲ್ಲೂ ಸಹಜವಾಗಿ ಒಳಕ್ಕೆ ಬಾಗಿರುವ ಬದಿಯನ್ನು ಹಲಗೆಯ ಕಡೆಗೆ ಹಾಕಿ. ಆಗ ಅಂಚು ತಾನಾಗಿ ಅಂಟಿಕೊಳ್ಳುತ್ತದೆ. ತೂತಿನ ಸುತ್ತ ಹಲಗೆಯನ್ನು ಸಣ್ಣ ಉಪ್ಪುಕಾಗದದಿಂದ ನುಣ್ಣಗೆ ಮಾಡಿ. ಸರಿ ಇದೆಯೋ ಇಲ್ಲವೋ ಅಂತ ಕಿವಿಗೇ ಗೊತ್ತಾಗುತ್ತದೆ. ಒಳ್ಳೆಯ ವಾಲ್ವು ಮುಚ್ಚುವಾಗ ‘ಟಪ್’ ಅನ್ನುತ್ತದೆ. ಸೋರುವ ವಾಲ್ವು ಪರಪರ ಅನ್ನುತ್ತದೆ.

ಕೊಳವೆಗೆ ಹಾಲಿನ ಪುಡಿಯ ಡಬ್ಬಿಯನ್ನೇ ಹಾಕಬೇಕು ಅಂತ ನನಗೆ ಆಸೆ. ಮನೆಯವರು, ನೆಂಟರು, ಪೇಟೆಯ ಹೋಟೆಲಿನವರು ಎಲ್ಲ ಡಬ್ಬಿ ಕೂಡಿಹಾಕಿ ಕೊಟ್ಟರು. ಎರಡೂ ಕಡೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬಾಯಿಗೆ ಬಾಯಿ ಸೇರಿಸಿ, ಮೇಲೆ ಸ್ಕೂಟರ್ ಟ್ಯೂಬಿನ ಬಳೆ ಏರಿಸಿದೆ. ಅಂಟು, ಬೆಸುಗೆ ಏನೂ ಬೇಡ. ರಬ್ಬರಿನ ಬಿಗಿಯೇ ಸಾಕು, ಬೇಕಾದಾಗ ಕಳಚಬಹುದು. ಆದರೆ ಒಂದು ಡಬ್ಬಿ ಒಂದು ಗೇಣೂ ಉದ್ದ ಇರುವುದಿಲ್ಲ ಅಲ್ವಾ, 30 ಮೀಟರಿಗೆ 200ಕ್ಕಿಂತ ಜಾಸ್ತಿ ಬೇಕು. ಮೇಲಾಗಿ ಸುರಂಗದ ತೇವಕ್ಕೆ ತಗಡು ತುಕ್ಕು ಹಿಡಿಯುತ್ತದೆ. ಹಾಗಾಗಿ ಬಾಯಿಯ ಹತ್ತಿರದ ಒಣ ಭಾಗಕ್ಕೆ ಡಬ್ಬಿ, ಒಳಗಿನ ಭಾಗಕ್ಕೆ 110 ಮಿಲಿಮೀಟರಿನ ಪಿ.ವಿ.ಸಿ. ಪೈಪು ಹಾಕಿದ್ದೇನೆ. ಬರೀ ಉಪಯೋಗಕ್ಕಾಗಿ ಮಾಡುವವರು ಪೂರ್ತಿ ಪಿ.ವಿ.ಸಿ. ಹಾಕಿ, ಅದೇ ಒಳ್ಳೆಯದು. ನನ್ನ ಡಬ್ಬಿಗಳನ್ನು ನಾನು ಮಾತ್ರ ತೆಗೆಯುವುದಿಲ್ಲ.

ಗಾಳಿ ಎಷ್ಟು ಬರುತ್ತದೆ ಅಂತ ಅಳೆಯಲು ಸುಲಭದ ದಾರಿ ಇದೆ. 200 ಲೀಟರ್ ಡ್ರಮ್ಮಿನ ಒಳಗೆ ಹಾಕುವ ಪ್ಲಾಸ್ಟಿಕ್ ಚೀಲವನ್ನು ಚಪ್ಪಟೆ ಮಾಡಿ ಕೊಳವೆಯ ತುದಿಗೆ ಕಟ್ಟಿ. ತಿದಿ ಎಳೆಯುತ್ತ ಗಡಿಯಾರ ನೋಡಿ. ನಮ್ಮದರಲ್ಲಿ ಚೀಲ ತುಂಬಲು ಸುಮಾರು 40 ಸೆಕೆಂಡ್ ಬೇಕು. ಅಂದರೆ ನಿಮಿಷಕ್ಕೆ 300 ಲೀಟರ್. ತಿದಿಯ ಚೀಲಗಳ ಗಾತ್ರ ಮತ್ತು ಎಳೆತದ ಲೆಕ್ಕ ಹಾಕಿದರೆ 500ಕ್ಕಿಂತ ಜಾಸ್ತಿ ಬರಬೇಕು. ಉಳಿದದ್ದು ಜೋಡಣೆಗಳಲ್ಲಿ ಸೋರುತ್ತದೆ. ಊದುಬತ್ತಿ ಹಚ್ಚಿ ಒಂದೊಂದು ಜೋಡಣೆಯ ಹತ್ತಿರ ಹಿಡಿದರೆ ಹೊಗೆ ಎಲ್ಲಿ ಚದುರುತ್ತದೋ ಅಲ್ಲಿ ಸೋರುತ್ತಿದೆ ಅಂತ ಲೆಕ್ಕ.

ಕರೆಂಟಿನ ಬ್ಲೋವರ್ ಇಟ್ಟರೆ ಆಗದಾ ಅಂತ ಕೇಳುತ್ತಾರೆ. ಆಗುತ್ತದೆ. ಆದರೆ ಕರೆಂಟು ಹೋದರೆ ಒಳಗಿದ್ದವನ ಗಾಳಿಯೂ ಹೋಯಿತು. ತಿದಿಗೆ ಒಬ್ಬ ಮನುಷ್ಯ ಬಾಯಿಯಲ್ಲೇ ಕೂತಿರಬೇಕು. ಅವನು ಒಳಗಿನ ಸದ್ದು ಕೇಳುತ್ತಿರುತ್ತಾನೆ, ಹಗ್ಗ ಹಿಡಿದಿರುತ್ತಾನೆ. ನನ್ನ ಪ್ರಕಾರ ತಿದಿಯ ದೊಡ್ಡ ಗುಣ ಇದೇ. ಪೆಟ್ರೋಲ್ ಎಂಜಿನ್, ಜನರೇಟರ್ ಮಾತ್ರ ಸುರಂಗದ ಬಾಯಿಯ ಹತ್ತಿರವೂ ತರಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ದೀಪವೂ ಆರುವುದಿಲ್ಲ, ಮನುಷ್ಯ ಬಿದ್ದುಬಿಡುತ್ತಾನೆ.

ದೀಪದ ಪರೀಕ್ಷೆಯನ್ನು ತಿದಿ ಇದ್ದರೂ ಬಿಡಬಾರದು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು ಇರುತ್ತದೆ. ಅದು ಶೇ. 16ರ ಹತ್ತಿರ ಇಳಿದರೆ ಮೇಣದಬತ್ತಿ ಆರುತ್ತದೆ. ಇಂಗಾಲದ ಡೈಆಕ್ಸೈಡ್ ಭಾರದ ಗಾಳಿ, ಕೆಳಗೆ ನಿಲ್ಲುತ್ತದೆ. ಹಾಗಾಗಿ ಬತ್ತಿಯನ್ನು ಮೊಣಕಾಲಿನ ಮಟ್ಟದಲ್ಲೂ ಹಿಡಿದು ನೋಡಬೇಕು. ಉರಿ ಸಣ್ಣಗಾಯಿತು ಅಂದ್ರೆ ತಿರುಗಿ ನಡೆಯುವುದೇ. ನಾವು ಒಳಗೆ ಹೋಗುವ ಮೊದಲೇ ಒಳ್ಳೆ ಹೊತ್ತು ತಿದಿ ಎಳೆಯುತ್ತೇವೆ. ಒಬ್ಬರೇ ಹೋಗುವ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಂತೂ ಯಾರೂ ಹೋಗುವುದಿಲ್ಲ.

ಸುರಂಗ ಕೊರೆಯುವ ನಮ್ಮ ಹಿರಿಯ ಕೆಲಸದವರಿಗೆ ಶೆಡ್ಡಿನಲ್ಲಿ ಆ ಸಿನಿಮಾ ತೋರಿಸಿದ್ದೆ. ಭಾಷೆ ಗೊತ್ತಿಲ್ಲದಿದ್ದರೂ ಅವರು ಕಣ್ಣು ಕದಲಿಸಲಿಲ್ಲ. ಮಂಚದ ಹಲಗೆಗಳನ್ನು ಸುತ್ತಲೂ ಕೊಟ್ಟು ಸುರಂಗ ನಿಲ್ಲಿಸಿದ್ದು ನೋಡಿ, “ಅದು ಮರಳು. ಹಲಗೆ ಇಲ್ಲದಿದ್ದರೆ ಒಂದು ಗಳಿಗೆ ನಿಲ್ಲುವುದಿಲ್ಲ. ನಮ್ಮ ಮುರಕಲ್ಲಿಗೆ ಅದು ಬೇಡ, ಆದರೆ ನಿಮ್ಮ ಶೇಡಿಯ ಜಾಗಕ್ಕೆ ಬೇಕು” ಅಂದರು. ಸರಿಯಾದ ಮಾತು. ಆ ವರ್ಷವೇ ಕೊನೆಯ ಭಾಗಕ್ಕೆ ಮುರಕಲ್ಲಿನ ಗೋಡೆ ಕಟ್ಟಿಸಿದೆವು. ಚಾರ್ಲ್ಸ್ ಬ್ರಾನ್ಸನ್ ಸುರಂಗ ತೋಡುವ ಪಾತ್ರ ಮಾಡಿದ್ದಾನೆ. ಅವನು ಚಿಕ್ಕವನಿದ್ದಾಗ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯಲ್ಲಿ ದುಡಿದವನು ಅಂತ ಹೇಳಿದಾಗ ಅವರಿಗೆ ಖುಷಿಯಾಯಿತು. “ಅದಕ್ಕೇ ಕೈ ಸರಿಯಾಗಿ ಬೀಳುತ್ತದೆ” ಅಂದರು.

ಶೆಡ್ಡಿನಲ್ಲಿ ಸಂಜೆ ಸೇರುವ ನಾಲ್ಕೈದು ಜನರಲ್ಲಿ ಒಬ್ಬರು ಸೈನ್ಯದಿಂದ ನಿವೃತ್ತರಾದವರು. ಅವರ ಜೊತೆ ಸಿನಿಮಾದ ಮಾತಿಗೆ ಕೂತರೆ ಕೆಲಸ ನಿಂತೇಹೋಗುತ್ತದೆ. ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದ ಜರ್ಮನ್ ವಿಮಾನಗಳು ನಿಜವಾಗಿ ಸ್ಪೇನಿನಲ್ಲಿ ಮಾಡಿದವು, ಎಂಜಿನ್ ಬ್ರಿಟಿಷರ ಮರ್ಲಿನ್. ಹಾಗಾಗಿ ಮೂತಿಯ ಕೆಳಗೆ ಉಬ್ಬು ಕಾಣುತ್ತದೆ. ‘ಪ್ಯಾಟನ್’ ಚಿತ್ರದ ಜರ್ಮನ್ ಟ್ಯಾಂಕುಗಳು ಅಮೆರಿಕದವು. ಕೈಯಲ್ಲಿ ಕೆಲಸ ಮಾಡುವವರ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. ನಮ್ಮ ‘ಮುತ್ತಿನ ಹಾರ’ದ ಮಾತು ಬಂದರೆ ವಿಷ್ಣುವರ್ಧನ್ ಬಗ್ಗೆ ಅವರು ಹೇಳುತ್ತಲೇ ಇರುತ್ತಾರೆ. ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಬಗ್ಗೆ ಮಾತ್ರ ಅವರಿಗೆ ಸಿಟ್ಟು. ಅದರ ಮರದ ಸೇತುವೆಯನ್ನು ಶ್ರೀಲಂಕಾದ ಕಿತುಲ್ಗಲದಲ್ಲಿ ಕಟ್ಟಿದ್ದು, ನೋಡಲು ಭವ್ಯವಾಗಿದೆ. ಆದರೆ ಜಪಾನಿಯರು ಯುದ್ಧಕೈದಿಗಳಿಂದಲೂ ಕೂಲಿಗಳಿಂದಲೂ ಕಟ್ಟಿಸಿದ ನಿಜವಾದ ಬರ್ಮಾ ರೈಲುದಾರಿ 415 ಕಿಲೋಮೀಟರ್. ಅಲ್ಲಿ ಸತ್ತವರಲ್ಲಿ ಯುದ್ಧಕೈದಿಗಳಿಗಿಂತ ಏಷ್ಯಾದ ಕೂಲಿಗಳೇ ಎಷ್ಟೋ ಪಾಲು ಜಾಸ್ತಿ. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಅವರಲ್ಲಿ ತುಂಬ ಜನ. ಸಿನಿಮಾದ ಕಥೆಯಲ್ಲಿ ಅವರಿಗೆ ಜಾಗವೇ ಇಲ್ಲ. ನಮ್ಮ ಆ ನಿವೃತ್ತ ಸೈನಿಕರ ಸಿಟ್ಟು ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ.

ಈಗ ಮಾಡುತ್ತಿರುವುದು ಮಣ್ಣು ಸಾಗಿಸುವ ಗಾಡಿ. ಸಗಾನಿನ ಕೈದಿಗಳು ಮರದ ಹಳಿ ಹಾಕಿ ಹಗ್ಗ ಎಳೆದು ಗಾಡಿ ಓಡಿಸುತ್ತಿದ್ದರು. ನಮ್ಮಲ್ಲಿ ಇನ್ನೂ ಬುಟ್ಟಿಯಲ್ಲೇ ಹೊರುತ್ತಾರೆ. ಸುರಂಗದ ಒಂದು ಬದಿಯಲ್ಲಿ ನೀರಿನ ಕಣಿ ಇರುವುದರಿಂದ ಹಳಿಗೆ 40 ಸೆಂಟಿಮೀಟರ್ ಜಾಗ ಮಾತ್ರ ಸಿಗುತ್ತದೆ. ಹಳಿಗೆ ಬಲಿತ ಅಡಿಕೆ ಮರದ ಸಲಾಕೆ, ಚಕ್ರಕ್ಕೆ ಹಳೆಯ ಬೇರಿಂಗು. ಗಾಡಿಯ ಎರಡೂ ತುದಿಗೆ ಹಗ್ಗ ಇರುತ್ತದೆ. ಒಳಗಿನವನು ಖಾಲಿ ಗಾಡಿ ಎಳೆದುಕೊಂಡರೆ ಹೊರಗಿನವನು ತುಂಬಿದ ಗಾಡಿ ಎಳೆಯುತ್ತಾನೆ. ಚಕ್ರಗಳು ಸಿದ್ಧವಾಗಿವೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆ ಶುರುವಾಗುವ ಮೊದಲು ಹಳಿ ಹಾಕುತ್ತೇವೆ.