ಘಾಟಿಯಲ್ಲಿ ಕೈಕೊಡುತ್ತಿದ್ದ ಲಾರಿ: ಪೆಡಲ್ ಸೆನ್ಸರ್ ದೋಷ ನಾನು ಹಿಡಿದದ್ದು ಹೀಗೆ

ಹಾಸನ–ಮಂಗಳೂರು ಓಡುವ ಬಿಎಸ್4 (ಹೊಗೆ ನಿಯಮದ ನಾಲ್ಕನೇ ಹಂತದ) ಲಾರಿ ಅದು. ಶಿರಾಡಿ ಘಾಟಿ ಹತ್ತುವಾಗ ಇದ್ದಕ್ಕಿದ್ದಂತೆ ಎಕ್ಸಿಲರೇಟರ್ ಕೆಲಸ ಮಾಡುತ್ತಿರಲಿಲ್ಲ. ಚೆಕ್ ಲೈಟ್ ಹತ್ತಿಕೊಂಡು, ಎಂಜಿನ್ ಐಡಲ್‌ಗಿಂತ ಸ್ವಲ್ಪ ಜಾಸ್ತಿ ಆರ್‌ಪಿಎಂನಲ್ಲಿ ನಿಂತುಬಿಡುತ್ತಿತ್ತು. ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. "ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದೆ ಅಣ್ಣ, ಏನೂ ಫರಕ್ ಇಲ್ಲ" ಅಂದರು ಡ್ರೈವರ್.

ಫಿಲ್ಟರ್ ಕಟ್ಟಿಕೊಂಡರೆ ಲೋಡ್ ಮೇಲೆ ಪಿಕಪ್ ಕಡಿಮೆಯಾಗುತ್ತದೆ, ಆದರೂ ಪೆಡಲ್ ಒತ್ತಿದಷ್ಟಕ್ಕೆ ಎಂಜಿನ್ ಅಷ್ಟೋ ಇಷ್ಟೋ ಸ್ಪಂದಿಸುತ್ತದೆ. ಇಲ್ಲಿ ಪೆಡಲ್ ಪೂರ್ತಿ ಸತ್ತಿತ್ತು. ಹಾಗಾಗಿ ನಾನು ಡೀಸೆಲ್ ಲೈನಿನ ಕಡೆ ಹೋಗಲೇ ಇಲ್ಲ.

ಹಳೇ ಪಂಪ್ ಎಂಜಿನ್‌ಗಳಲ್ಲಿ ಪೆಡಲಿನಿಂದ ಪಂಪಿಗೆ ಕೇಬಲ್ಲೋ ರಾಡೋ ಇರುತ್ತಿತ್ತು. ಕಂಪ್ಯೂಟರ್ ಹೇಳಿದಷ್ಟೇ ಡೀಸೆಲ್ ಬಿಡುವ ಕಾಮನ್ ರೇಲ್ ಪದ್ಧತಿ ಬಂದ ಮೇಲೆ ಕಾಲಿಗೂ ಎಂಜಿನ್‌ಗೂ ನಡುವೆ ಇರುವುದು ವೈರ್ ಮಾತ್ರ. ಪೆಡಲಿನಲ್ಲಿರುವ ಸೆನ್ಸರ್ ಎರಡು ಸಿಗ್ನಲ್ ಕಳಿಸುತ್ತದೆ. ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎರಡನ್ನೂ ತಾಳೆ ನೋಡಿ ಎಷ್ಟು ಡೀಸೆಲ್ ಬಿಡಬೇಕು ಅಂತ ನಿರ್ಧರಿಸುತ್ತದೆ. ತಾಳೆ ತಪ್ಪಿದರೆ ಪೆಡಲನ್ನು ನಂಬುವುದೇ ಇಲ್ಲ. ಲಾರಿ ತಾನಾಗಿ ನುಗ್ಗಬಾರದು ಅಂತ ಮಾಡಿದ ಏರ್ಪಾಡು ಅದು, ಒಳ್ಳೆಯದೇ.

ಇಸಿಎಂ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ2138 ಕೋಡ್ ಬಂತು, ಅಂದರೆ ಎರಡು ಸಿಗ್ನಲ್ ಒಂದಕ್ಕೊಂದು ಹೊಂದುತ್ತಿಲ್ಲ. ಇದನ್ನು ನೋಡಿದ ತಕ್ಷಣ ಸುಮ್ನೆ ಹೊಸ ಪೆಡಲ್ ತರಿಸುವವರು ತುಂಬ ಜನ. ನಾನು ಹಾಗೆ ಮಾಡುವುದಿಲ್ಲ. ಕಪ್ಲರ್ (ವೈರ್ ಸಿಕ್ಕಿಸುವ ಕನೆಕ್ಟರ್) ಸಡಿಲವಿದ್ದರೂ, ಅರ್ಥ್ ಕೆಟ್ಟಿದ್ದರೂ, ವೈರ್ ಎಲ್ಲೋ ಉಜ್ಜಿ ತುಂಡಾಗುತ್ತಿದ್ದರೂ ಇದೇ ಕೋಡ್ ಬರಬಹುದು. ಪೆಡಲ್ ಅಸೆಂಬ್ಲಿ ಅಗ್ಗದ ಸಾಮಾನಲ್ಲ, ದುಡ್ಡು ಲಾರಿಯವರದು.

ಈ ಪೆಡಲಿಗೆ ಆರು ವೈರ್: ಎರಡು 5 ವೋಲ್ಟ್ ಸಪ್ಲೈ, ಎರಡು ಅರ್ಥ್, ಎರಡು ಸಿಗ್ನಲ್. ಕಪ್ಲರ್ ಕಳಚದೆ ಹಿಂದಿನಿಂದ ತೆಳು ಪಿನ್ ಇಳಿಸಿ ಅಳೆದೆ. ವೈರಿನ ಮೈ ಚುಚ್ಚಿ ಅಳೆಯುವ ಅಭ್ಯಾಸ ಬೇಡ. ಆ ತೂತಿನಿಂದ ಮಳೆಗಾಲದಲ್ಲಿ ತೇವ ಹೋಗಿ ತಾಮ್ರ ಹಸಿರುಗಟ್ಟುತ್ತದೆ, ಆಮೇಲೆ ಇನ್ನೊಂದು ತಲೆನೋವು. ಕೀ ಆನ್, ಎಂಜಿನ್ ಆಫ್. ಎರಡೂ ಸಪ್ಲೈ 5 ವೋಲ್ಟ್ ಸರಿಯಾಗಿತ್ತು. ಅರ್ಥ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ, ಅಂದರೆ ಅರ್ಥ್ ಕೂಡ ಸರಿ.

ಆಮೇಲೆ ಸಿಗ್ನಲ್. ಕಾಲು ಬಿಟ್ಟಾಗ ಮೊದಲನೆಯದು 0.75 ವೋಲ್ಟ್, ಎರಡನೆಯದು ಅದರ ಅರ್ಧ. ಪೂರ್ತಿ ಒತ್ತಿದರೆ 3.8, ಇನ್ನೊಂದು 1.9. ಎರಡೂ ಕಡೆ ಅರ್ಧದ ಲೆಕ್ಕ ಸರಿಯಾಗಿದೆ ಅಲ್ವಾ? ಅನೇಕರು ಇಲ್ಲಿಗೇ ಮೀಟರ್ ಎತ್ತಿಡುತ್ತಾರೆ. ಆದರೆ ದೋಷ ಇರುವುದು ನಡುವೆ. ನಾನು ಮುಳ್ಳಿನ ಮೀಟರ್ ಹಿಡಿದು, ಪೆಡಲನ್ನು ಕೈಯಿಂದ ತೀರಾ ನಿಧಾನ ಒತ್ತಿದೆ. ಕಾಲು ಭಾಗ ಒತ್ತಿದ ಜಾಗದಲ್ಲಿ ಮೊದಲ ಸಿಗ್ನಲಿನ ಮುಳ್ಳು ಪಟ್ ಅಂತ ಕೆಳಗೆ ಬಿದ್ದು ಮತ್ತೆ ಎದ್ದಿತು. ಅದೇ ಜಾಗದಲ್ಲಿ ಎರಡನೆಯದು ಒಂದೇ ಸಮನೆ ಏರಿತು. ಅಂಕಿ ತೋರಿಸುವ ಸಾದಾ ಮೀಟರಿನಲ್ಲಿ ಇಷ್ಟು ಚಿಕ್ಕ ಕುಸಿತ ಕಣ್ಣಿಗೇ ಬೀಳದೆ ಹೋಗಬಹುದು.

ಅಲ್ಲಿಗೂ ಪೆಡಲ್ ಬಿಚ್ಚಲಿಲ್ಲ. ಪೆಡಲನ್ನು ಒಂದೇ ಕಡೆ ಹಿಡಿದು ವೈರಿಂಗ್ ಪೂರ್ತಿ ಅಲ್ಲಾಡಿಸಿದೆ. ಮುಳ್ಳು ಕದಲಲಿಲ್ಲ. ಮುಳ್ಳು ಬೀಳುವ ಹೊತ್ತಿನಲ್ಲೂ 5 ವೋಲ್ಟ್ ಗಟ್ಟಿಯಾಗಿತ್ತು. ಅಲ್ಲಿಗೆ ವೈರಿನ ತಪ್ಪಲ್ಲ, ಸೆನ್ಸರಿನದೇ ಅಂತ ಖಾತ್ರಿಯಾಯಿತು. ಒಳಗಿನ ಕಾರ್ಬನ್ ಟ್ರ್ಯಾಕ್ (ಪೆಡಲ್ ಒತ್ತಿದಂತೆ ಸೆನ್ಸರಿನ ತುದಿ ಉಜ್ಜಿಕೊಂಡು ಓಡಾಡುವ ಪಟ್ಟಿ), ಕಾಲು ಜಾಸ್ತಿ ಹೊತ್ತು ನಿಲ್ಲುವ ಜಾಗದಲ್ಲೇ ಸವೆದಿತ್ತು. ಟ್ರ್ಯಾಕ್ ಮೇಲೆ ಉಜ್ಜುವ ಭಾಗವೇ ಇಲ್ಲದೆ, ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಪೆಡಲ್‌ಗಳೂ ಇವೆ. ಅವು ಹೀಗೆ ಸವೆಯುವುದಿಲ್ಲ, ಅವನ್ನು ಓಮ್ಸ್‌ನಲ್ಲಿ ಅಳೆಯಲೂ ಬಾರದು, ವೋಲ್ಟೇಜ್ ಮಾತ್ರ ನೋಡಬೇಕು.

ಹೊಸ ಪೆಡಲ್ ಕೂರಿಸಿ ಅದನ್ನೂ ಹಾಗೇ ನಿಧಾನ ಒತ್ತಿ ನೋಡಿದೆ. ಮುಳ್ಳು ಎಲ್ಲೂ ತಡವರಿಸಲಿಲ್ಲ. ಕೋಡ್ ಅಳಿಸಿ, ಲೋಡ್ ಸಮೇತ ಘಾಟಿಗೆ ಕಳಿಸಿದೆ. ಚೆಕ್ ಲೈಟ್ ಮತ್ತೆ ಬರಲಿಲ್ಲ.

ನಿಮ್ಮ ಲಾರಿಯಲ್ಲಿ ಎರಡೂ ಸಿಗ್ನಲ್ ಚೊಕ್ಕವಾಗಿದ್ದು ಪೆಡಲ್ ಮಾತ್ರ ಕೇಳುತ್ತಿಲ್ಲ ಅಂದರೆ, ಬ್ರೇಕ್ ಸ್ವಿಚ್ ನೋಡಿ. ಅದು ಆನ್ ಆಗಿಯೇ ಅಂಟಿಕೊಂಡರೆ ಬ್ರೇಕ್ ಒತ್ತಿದ್ದಾರೆ ಅಂದುಕೊಂಡು ಕೆಲವು ಗಾಡಿಗಳಲ್ಲಿ ಇಸಿಎಂ ಡೀಸೆಲ್ ಕಡಿಮೆ ಮಾಡುತ್ತದೆ.